ಇಳಿಮಾತಿನ ಊರು

ನನ್ನ ತಂಗಿ ನಾಗವೇಣಿಗೆ ಮಾರನೆಯ ದಿನ ಹೊಟ್ಟೆಯ ಆಪರೇಷನ್ ಇತ್ತು. ಅವಳಿರುವುದು ಸಮುದ್ರದಾಚೆ, ಒಂದು ದೊಡ್ಡ ಶಾಲೆಯ ಅಡುಗೆಮನೆ ನೋಡಿಕೊಂಡು. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಂಡವಳಲ್ಲ. ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: "ಕುಯ್ಯೋದಕ್ಕೆ ಹೆದರಿಕೆ ಇಲ್ಲ ಕಣಕ್ಕ. ಮದ್ದು ಕೊಟ್ಟು ಮಲಗಿಸ್ತಾರಲ್ಲ, ಅದಕ್ಕೆ ಹೆದರಿಕೆ. ಅಮ್ಮನ ಥರ ಆಗ್ಬಿಟ್ರೆ?" ನಮ್ಮಮ್ಮ ಹೋದದ್ದು ಹಾಗೇ. ಆಪರೇಷನ್ ಚೆನ್ನಾಗೇ ಆಯಿತು ಅಂದರು ಡಾಕ್ಟರು. ಅವಳು ಮಾತ್ರ ಏಳಲಿಲ್ಲ. ನಾವಿಬ್ಬರೂ ಮಂಚದ ಆ ಕಡೆ ಈ ಕಡೆ ನಿಂತು ಅಮ್ಮಾ ಅಮ್ಮಾ ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದೇ ಕೂಗಿದ್ದು. "ನೀನೇ ಬಂದು ನನ್ನ ಎಬ್ಬಿಸ್ಬೇಕು, ಬೇರೆ ಯಾರ ಕೈಲೂ ಆಗಲ್ಲ" ಅಂದಳು ವೇಣಿ. ಎಬ್ಬಿಸ್ತೀನಿ ಬಿಡೇ ಅಂದುಬಿಟ್ಟೆ. ಹೇಗೆ ಎಬ್ಬಿಸುವುದು ಅಂತ ದೇವರಾಣೆಗೂ ನನಗೆ ಗೊತ್ತಿರಲಿಲ್ಲ.

ದಾರಿಯಲ್ಲಿ ಒಂದು ಊರಿನಲ್ಲಿ ವಿಮಾನ ಬದಲಾಯಿಸಬೇಕಿತ್ತು. ಯಾವ ಊರು ಅಂತ ಕೇಳಬೇಡಿ. ಆಮೇಲೆ ಅಟ್ಲಾಸು ತೆಗೆದು ಭೂತಗನ್ನಡಿ ಹಿಡಿದು ಹುಡುಕಿದೆ, ನನ್ನ ಕಣ್ಣಿಗಂತೂ ಬೀಳಲಿಲ್ಲ. ಬೆಳಿಗ್ಗೆ ಇಳಿದರೆ ಮುಂದಿನ ವಿಮಾನ ಸಂಜೆಗೆ. ಅಷ್ಟು ಹೊತ್ತು ಆ ಉಕ್ಕಿನ ಕುರ್ಚಿಯಲ್ಲಿ ವೇಣಿ, ಅಮ್ಮ, ಮದ್ದು, ಮಂಚ ಅಂತ ಯೋಚಿಸುತ್ತಾ ಕೂತಿದ್ದರೆ ನನಗೇ ಒಂದು ಆಪರೇಷನ್ ಬೇಕಾಗುತ್ತಿತ್ತು. ಆ ವಾರವೆಲ್ಲ ನಿದ್ದೆ ನನ್ನ ಹತ್ತಿರ ಸುಳಿದಿರಲಿಲ್ಲ. ಅಷ್ಟರಲ್ಲಿ ಗೋಡೆಯ ಮೇಲೆ ಬೋರ್ಡು ಕಂಡಿತು: 'ಸಂಜೆಯವರೆಗೆ ಕಾಯುವ ಪ್ರಯಾಣಿಕರಿಗೆ ಊರು ತೋರಿಸಿ, ಊಟ ಹಾಕಿ, ಹೊತ್ತಿಗೆ ಸರಿಯಾಗಿ ವಾಪಸು ಕರೆತರಲಾಗುವುದು.' ಕನ್ನಡದಲ್ಲೇ ಇತ್ತು. ಆ ಊರಿನವರ ಮಾತೂ ಕನ್ನಡವೇ. ಸ್ವಲ್ಪ ನಿಧಾನ, ಸ್ವಲ್ಪ ಮೆಲ್ಲಗೆ, ಕೂಸು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ. ನಾನು ಹೆಸರು ಬರೆಸಿದೆ.

ನನ್ನ ಹಿಂದೆಯೇ ಹೆಸರು ಬರೆಸಿದವರು ಗಂಗಾಧರಯ್ಯನವರು. ತಿಪಟೂರಿನ ಕೊಬ್ಬರಿ ವ್ಯಾಪಾರಿ, ವಿಮಾನದಲ್ಲಿ ನನ್ನ ಪಕ್ಕದ ಸೀಟು. ಯಾವುದೋ ತೆಂಗಿನ ಮೇಳಕ್ಕೆ ಹೊರಟಿದ್ದರು. ಕೂತ ಕೂಡಲೇ ಮಾತು, ಮಾತು ಮುಗಿದ ಕೂಡಲೇ ನಿದ್ದೆ, ಎದ್ದ ಕೂಡಲೇ ಬಿಟ್ಟಲ್ಲಿಂದ ಮತ್ತೆ ಮಾತು. ಎದೆಗೆ ಒಂದು ರೆಕ್ಸಿನ್ ಬ್ಯಾಗು ಅವುಚಿಕೊಂಡಿದ್ದರು. ಒಳಗೆ ಹೆಂಡತಿ ಕಟ್ಟಿಕೊಟ್ಟ ಕೊಬ್ಬರಿ ಮಿಠಾಯಿ ಬಿಟ್ಟರೆ ಬೇರೇನಿಲ್ಲ ಅಂತ ಅವರೇ ಹೇಳಿದರು. "ಹಂಗಂತ ಬಿಡಕ್ಕಾಗುತ್ತಾ ಮೇಡಂ? ಬಸ್‌ಸ್ಟ್ಯಾಂಡ್ ಬೆಂಚಲ್ಲಿ ಮಲಗಿ ಮಲಗಿ ಅಭ್ಯಾಸ ಆಗೋಗಿದೆ. ಬ್ಯಾಗಿನ ಹಿಡಿ ಕೈಗೆ ಕಟ್ಕಂಡ್ರೇನೇ ನಂಗೆ ನಿದ್ದೆ. ಇನ್ನು ನನ್ನ ಫೋನಿನ ಅಲಾರಾಂ ಇದ್ಯಲ್ಲ, ಕೋಳಿ ಕೂಗು ಇಟ್ಟಿದೀನಿ, ಆ ಸದ್ದಿಗೆ ಕಲ್ಲು ಬೊಂಬೇನೂ ಎದ್ದು ಕೂರ್ಬೇಕು!" ಅಂತ ನಕ್ಕರು. ಆಮೇಲೆ ನನ್ನ ಮುಖವನ್ನೇ ನೋಡಿ, "ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ?" ಅಂದರು. ಕೇಳಿರಬಹುದು ಅಂದು ಸುಮ್ಮನಾದೆ.

ಯಾಕೆ ಸುಮ್ಮನಾದೆ ಅಂದರೆ, ಅದನ್ನು ಹೇಳಿಕೊಳ್ಳುವುದರಲ್ಲಿ ಏನಿದೆ ಅನ್ನಿಸಿತು. ನಾನು ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುತ್ತಿದ್ದವಳು. ಕಪ್ಪು ಜಡೆ ಇದ್ದಾಗ ಶುರು ಮಾಡಿ ತಲೆ ನರೆಯುವ ತನಕ ಅದೇ ಕೆಲಸ. ಕೊನೆಗೆ ನನ್ನ ಜಾಗಕ್ಕೆ ಮಶೀನಿನ ಹೆಂಗಸೊಬ್ಬಳು ಬಂದಳು. ಅವಳಿಗೆ ನೆಗಡಿಯಿಲ್ಲ, ರಜೆಯಿಲ್ಲ. ನನ್ನ ಕೂಗನ್ನು ಯಾರಾದರೂ ಕಿವಿಗೆ ಹಾಕಿಕೊಂಡಿದ್ದರು ಅಂತ ನಾನು ನಂಬಿದವಳೇ ಅಲ್ಲ. ಕೂಗಿ ಬಾಯಿ ಮುಚ್ಚುವಷ್ಟರಲ್ಲಿ ಕಿಟಕಿಗೆ ಬಂದು ಅದೇ ಬಸ್ಸು ಎಲ್ಲಿ ಅಂತ ಕೇಳುವ ಜನ ಅದು.

ನಮ್ಮನ್ನು ಕರೆದೊಯ್ಯಲು ಬಂದ ಹೆಂಗಸಿನ ಹೆಸರು ಸಿರಿಗೌರಿ. ತುಂಬಿದ ಮೈ, ಚಪ್ಪಲಿಯಿಲ್ಲದ ಕಾಲು, ಮುಖದಲ್ಲಿ ಯಾವ ಅವಸರವೂ ಇಲ್ಲ. ನಮ್ಮಿಬ್ಬರ ಸೊಂಟಕ್ಕೂ ಒಂದೊಂದು ಹಸಿರು ಬಟ್ಟೆಯ ಪಟ್ಟಿ ಸುತ್ತಿ, ಉಳಿದ ತುದಿಯನ್ನು ಮಡಿಸಿ ಸಿಕ್ಕಿಸಿದಳು. "ಇದೇನಮ್ಮ, ದಟ್ಟಿ ಕಟ್ತಿದೀಯ, ಕುಸ್ತಿಗೆ ಕರ್ಕಂಡು ಹೋಗ್ತೀಯಾ?" ಅಂದರು ಗಂಗಾಧರಯ್ಯ. "ಇರಲಿ ಸ್ವಾಮಿ, ನಮ್ಮೂರಿನಲ್ಲಿ ಇದಿಲ್ಲದೆ ಯಾರೂ ಹೊರಗೆ ಕಾಲಿಡೋದಿಲ್ಲ" ಅಂದಳು. ಅದಕ್ಕಿಂತ ಹೆಚ್ಚು ವಿವರಿಸುವ ಅಗತ್ಯ ಅವಳಿಗೆ ಕಾಣಲಿಲ್ಲ.

ವ್ಯಾನು ಹೊರಟಿತು. ಕಿಟಕಿಯ ಗಾಳಿಗೆ ಗಂಗಾಧರಯ್ಯನವರ ತಲೆ ವಾಲಿತು, ಬಾಯಿ ತೆರೆಯಿತು, ಗೊರಕೆ ಶುರುವಾಯಿತು. ಮರುಕ್ಷಣ ಅವರ ಕಾಲು ನೆಲ ಬಿಟ್ಟಿತು. ಆಮೇಲೆ ಅವರೂ ಸೀಟು ಬಿಟ್ಟರು! ಕೂತ ಭಂಗಿಯಲ್ಲೇ, ಬ್ಯಾಗು ಅವುಚಿಕೊಂಡೇ, ಮೆಲ್ಲಗೆ ಮೇಲೇರಿ, ಮೆತ್ತೆ ಹೊಡೆದಿದ್ದ ವ್ಯಾನಿನ ಮಾಡಿಗೆ ಬೋಳುತಲೆ ಆನಿಸಿಕೊಂಡು ನಿಂತರು. ನಾನು ಕಿರುಚಲು ಬಾಯಿ ತೆರೆದೆ. ಸಿರಿಗೌರಿಯ ಅಂಗೈ ಬಂದು ನನ್ನ ಬಾಯಿ ಮುಚ್ಚಿತು. "ಕೂಗಬೇಡಿ ತಾಯಿ. ತಟ್ಟನೆ ಎಚ್ಚರ ಆದರೆ ಭಾರ ಎಲ್ಲ ಒಟ್ಟಿಗೇ ವಾಪಸು ಬರುತ್ತೆ, ದೊಪ್ಪಂತ ಬೀಳ್ತಾರೆ" ಅಂದು, ಎದ್ದು ನಿಂತು ಅವರ ಕಿವಿಯ ಹತ್ತಿರ ಮುಖ ಒಯ್ದು, ತನ್ನ ಮನೆಯ ಅಡುಗೆಮನೆಯಲ್ಲಿ ನಿಂತವಳ ಹಾಗೆ, "ಕಾಫಿ ಸೋಸಿಟ್ಟಿದೀನಿ, ಆರಿಹೋಗುತ್ತೆ ನೋಡಿ" ಅಂದಳು. ಗೊರಕೆ ಸಣ್ಣದಾಯಿತು. ಗಂಗಾಧರಯ್ಯನವರು ಇಳಿದರು. ಸೀಟಿಗೆ ಕುಂಡೆ ತಾಗಿದ ಮೇಲೆ ಕಣ್ಣು ಬಿಟ್ಟು, "ಎಲ್ಲಿ ಕಾಫಿ?" ಅಂದರು.

ನೀವು ಹಾರಿದಿರಿ ಅಂದರೆ ಅವರು ನಂಬಲಿಲ್ಲ. "ಏನ್ ಮೇಡಂ, ಬೆಳಿಗ್ಗೇನೇ ತಮಾಷೆ" ಅಂದರು. ಆದರೆ ವ್ಯಾನು ಪೇಟೆಯ ಬೀದಿಗೆ ತಿರುಗಿದಾಗ ಅವರೇ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ಒಂದು ಕಲ್ಲುಬೆಂಚಿನ ಮೇಲೆ, ಅಂದರೆ ಬೆಂಚಿನಿಂದ ಮೊಳದೆತ್ತರದಲ್ಲಿ, ಒಬ್ಬ ಮುದುಕರು ಅಂಗಾತ ಮಲಗಿದ್ದರು. ಸೊಂಟದ ಪಟ್ಟಿಯನ್ನು ಬೆಂಚಿನ ಕಾಲಿಗೆ ಕಟ್ಟಿತ್ತು. ಅವರ ಹೊಟ್ಟೆಯ ಮೇಲೆ ಒಂದು ಕಾಗೆ ಕೂತು ರೆಕ್ಕೆ ಕೆದಕಿಕೊಳ್ಳುತ್ತಿತ್ತು. ಅದಕ್ಕೂ ಅಭ್ಯಾಸವಾಗಿತ್ತು ಅಂತ ಕಾಣುತ್ತೆ. ಕ್ಷೌರದ ಅಂಗಡಿಯವನು ಗಿರಾಕಿಯ ಕತ್ತಿಗೆ ಬಟ್ಟೆ ಹೊದಿಸುವ ಮುಂಚೆ ಸೊಂಟವನ್ನು ಕುರ್ಚಿಗೆ ಬಿಗಿಯುತ್ತಿದ್ದ. ತೊಟ್ಟಿಲುಗಳಿಗೆಲ್ಲ ಬಲೆಯ ಮುಚ್ಚಳ. ಪರಿಚಯದವರು ಎದುರಾದರೆ ಊಟ ಆಯ್ತಾ ಅಂತ ಕೇಳುವುದಿಲ್ಲ, "ರಾತ್ರಿ ಎಷ್ಟು ಎತ್ತರ?" ಅಂತ ಕೇಳುತ್ತಾರೆ. "ಮಾಡು ಮುಟ್ಟಿದೆ ಮಾರಾಯಾ" ಅಂದರೆ ಸುಖವಾಗಿದ್ದಾರೆ ಅಂತ. "ಎಲ್ಲಿ, ಚಾಪೆಯಿಂದ ಎರಡು ಬೆರಳು" ಅಂದರೆ ಏನೋ ಚಿಂತೆ ಹತ್ತಿದೆ ಅಂತ, ಕೇಳಿದವರು ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದು ವಿಚಾರಿಸುತ್ತಾರೆ. ನನ್ನನ್ನು ಯಾರಾದರೂ ಕೇಳಿದ್ದರೆ ನನ್ನದು ಆ ಎರಡು ಬೆರಳೂ ಇರಲಿಲ್ಲ.

ವ್ಯಾನಿನಿಂದಿಳಿದು ನಡೆದು ಹೋಗುವಾಗ ಒಂದು ಮನೆಯ ಜಗಲಿಯಲ್ಲಿ ಮದುವೆ ನಡೆಯುತ್ತಿತ್ತು. ಹುಡುಗ ತನ್ನ ಪಟ್ಟಿಯ ತುದಿಯನ್ನು ಹುಡುಗಿಯ ಕೈಗಿಟ್ಟ, ಅವಳು ತನ್ನದನ್ನು ಅವನ ಕೈಗಿಟ್ಟಳು. ಇಬ್ಬರೂ ಒಬ್ಬರದೊಬ್ಬರು ಗಂಟು ಹಾಕಿದರು, ಹಿರಿಯರು ಎಳೆದು ನೋಡಿ ಗಟ್ಟಿಯಿದೆ ಅಂದರು, ಅಲ್ಲಿಗೆ ಮದುವೆ ಮುಗಿಯಿತು. ನಾನು ನೋಡುತ್ತಾ ನಿಂತೇ ಇದ್ದೆ. ಮಲಗಿದಾಗ ನನ್ನನ್ನು ನೀನು ಹಿಡಿದುಕೋ ಅನ್ನುವುದಕ್ಕಿಂತ ದೊಡ್ಡ ಮಾತು ಇನ್ನೇನಿದೆ ಅನ್ನಿಸಿ ಕಣ್ಣು ತುಂಬಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಸಿರಿಗೌರಿಯ ಹಿಂದೆ ಹೆಜ್ಜೆ ಹಾಕಿದೆ.

ಊಟಕ್ಕೆ ಕೂತಾಗ ತಡೆಯಲಾರದೆ ಕೇಳಿಬಿಟ್ಟೆ. "ಮೇಲೆ ಹೋದವರು ಇಳಿಯದೇ ಇದ್ದದ್ದು ಉಂಟಾ?"

ಸಿರಿಗೌರಿ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದಳು. "ಸತ್ತವರು ಮೇಲೇಳೋದಿಲ್ಲ ತಾಯಿ, ಹಾಸಿಗೇಲೇ ಉಳೀತಾರೆ. ನಮ್ಮಲ್ಲಿ ಹಂಗೇ ಗೊತ್ತಾಗೋದು. ಮೇಲೆ ಇದಾರೆ ಅಂದ್ರೆ ಇನ್ನೂ ನಮ್ಮವರೇ. ಇಳಿಸಬಹುದು. ಆದರೆ ಕೂಗಿ ಇಳಿಸಕ್ಕಾಗಲ್ಲ. ಹೆಸರು ಹಿಡಿದು ಕೂಗಿದ್ರೆ ಒಂದೋ ಬೀಳ್ತಾರೆ, ಇಲ್ಲಾ ಹೆದರಿ ಇನ್ನೂ ಮೇಲೆ ಹೋಗ್ತಾರೆ. ಅದಕ್ಕೇ ಇಳಿಮಾತು ಆಡೋದು."

"ಇಳಿಮಾತು ಅಂದ್ರೆ? ಮಂತ್ರವಾ?"

"ಮಂತ್ರ ಎಲ್ಲಿಂದ ಬಂತು!" ಅಂತ ನಕ್ಕಳು. "ಅವರ ಮನೇಲಿ ದಿನಾ ಏನಾಡ್ತಾರೋ ಅದು. ಹಾಲು ಉಕ್ತಿದೆ, ಎಮ್ಮೆ ಕೂಗ್ತಿದೆ, ಇಂಥದ್ದು. ಅರ್ಧ ಕಿವೀಲಿ ಕೇಳಿ ಕೇಳಿ ಹಳತಾಗಿರಬೇಕು. ಅದನ್ನ ಕೇಳಿದ್ರೆ ಯಾರಿಗಾದ್ರೂ ಹೊತ್ತಾಯ್ತು ಅನ್ನಿಸುತ್ತೆ, ತಾವೇ ಬರ್ತಾರೆ."

ಅಮ್ಮನ ಮಂಚದ ಪಕ್ಕ ನಾವು ಕೂಗಿದ್ದು ನೆನಪಾಗಿ ಎಲೆಯಿಂದ ಕೈ ತೆಗೆದೆ. ಅದನ್ನು ಅವಳಿಗೆ ಹೇಳಿದೆ, ವೇಣಿಯ ವಿಷಯವನ್ನೂ ಹೇಳಿದೆ. ನನ್ನ ಎಲೆಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದಳು. ಗಂಗಾಧರಯ್ಯನವರು ಮಾತ್ರ ಇದ್ಯಾವುದೂ ಕಿವಿಗೆ ಬೀಳದವರಂತೆ ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಿದ್ದರು.

ಊಟವಾದ ಮೇಲೆ ಇಡೀ ಊರು ಒಂದು ನಿದ್ದೆ ತೆಗೆಯುವ ಹೊತ್ತಂತೆ, ನಮ್ಮನ್ನೂ ಮಲಗಿಸಲು ಅವಳು ಊರ ನಡುವಿನ ಗುಡ್ಡಕ್ಕೆ ಹತ್ತಿಸಿದಳು. ಮೇಲೆ ಕಲ್ಲಿನ ಮಂಟಪ, ಕಂಬಕ್ಕೊಂದು ಕಬ್ಬಿಣದ ಬಳೆ, ಬಳೆಯ ಕೆಳಗೆ ಹಾಸಿಗೆ. ಹತ್ತುವ ದಾರಿಯಲ್ಲಿ ಒಂದು ಮನೆಯ ಮುಂದೆ ಇಬ್ಬರು ಹುಡುಗಿಯರು ಕಚ್ಚಾಡುತ್ತಿದ್ದರು, ಅದೂ ಪಿಸುದನಿಯಲ್ಲಿ. ಮನೆಮಂದಿಯೆಲ್ಲ ಮಲಗಿದಾಗ ಒಬ್ಬರು ಎಚ್ಚರವಿದ್ದು ಗಂಟು ಕಾಯಬೇಕಂತೆ. "ನಿನ್ನೆ ನಾನೇ ಕಾದಿದೀನಿ, ಇವತ್ತು ನಿನ್ನ ಸರದಿ" ಅಂತ ಚಿಕ್ಕವಳು. "ಹೋಗೇ, ನಿಂದೇ" ಅಂತ ದೊಡ್ಡವಳು. ನನಗೆ ನಗು ಬಂತು. ನಮ್ಮ ಬೀದಿಯ ನಲ್ಲಿಯಲ್ಲಿ ನಸುಕಿನಲ್ಲಿ ನೀರು ಬಿಡುತ್ತಿದ್ದರು. ನಾನು ಹೊದಿಕೆಯೊಳಗಿಂದಲೇ "ವೇಣೀ, ನಲ್ಲಿ ಬಂತು ಕಣೇ, ಕೊಡ ಇಡು" ಅನ್ನುವುದು, ಅವಳು ಕಣ್ಣೂ ಬಿಡದೆ "ಇವತ್ತು ನಿನ್ನ ಸರದಿ" ಅನ್ನುವುದು. ಯಾರ ಸರದಿಯಾದರೂ ಅವಳು ಹೇಳುತ್ತಿದ್ದದ್ದು ಅದೇ. ಕೊನೆಗೆ ಗೊಣಗಿಕೊಂಡು ಎದ್ದು ಹೋಗುತ್ತಿದ್ದವಳೂ ಅವಳೇ.

ಗಂಗಾಧರಯ್ಯನವರನ್ನು ಸಿರಿಗೌರಿ ಮೂಲೆಯ ಕಂಬಕ್ಕೆ ಕಟ್ಟಿದಳು. ಅವರು ವ್ಯಾನು ಹೊರಡುವ ಹೊತ್ತಿಗೆ ಅಲಾರಾಂ ಇಟ್ಟು ಫೋನು ಜೇಬಿಗಿಳಿಸಿದರು. ನಾನು ಮಲಗುವುದಿಲ್ಲ ಅಂದೆ. "ಹಾಗಾದ್ರೆ ಇವತ್ತಿನ ಕಾವಲು ನಿಮ್ಮದೂ ನಂದೂ" ಅಂತ ನನ್ನನ್ನು ಕಟ್ಟೆಯ ತುದಿಗೆ ಕರೆದೊಯ್ದಳು. ಕೆಳಗೆ ಊರೆಲ್ಲ ಕಾಣುತ್ತಿತ್ತು. ಮಲಗುವ ಹೊತ್ತಾಯಿತು ಅಂತ ಗಡಿಯಾರದ ಗೋಪುರದ ಮೇಲೆ ಯಾರೋ ಬಿಳಿ ಬಟ್ಟೆ ಏರಿಸಿದರು. ಅಂಗಡಿ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿದವು. ನಾಯಿಯೂ ಬೊಗಳಲಿಲ್ಲ.

ಆಮೇಲೆ ಊರು ಎದ್ದಿತು. ಹೇಗೆ ಹೇಳಲಿ ನಾನು! ಒಂದೊಂದು ತಾರಸಿಯಿಂದ, ಒಂದೊಂದು ಅಂಗಳದಿಂದ, ಜಗಲಿಯಿಂದ, ಬಾವಿಕಟ್ಟೆಯ ಪಕ್ಕದಿಂದ ಜನ ಮೇಲೇಳತೊಡಗಿದರು. ಮೊದಲು ಮಕ್ಕಳು, ಅವರಿಗೆ ಬೇಗ ನಿದ್ದೆ. ಆಮೇಲೆ ದುಡಿದು ದಣಿದ ಗಂಡಸರು, ಪಾತ್ರೆ ತೊಳೆದಿಟ್ಟು ಬಂದ ಹೆಂಗಸರು, ಎಲ್ಲರ ಕೊನೆಗೆ ಮುದುಕರು. ಪಟ್ಟಿಯ ಉದ್ದ ಮುಗಿದಲ್ಲಿ ಎಲ್ಲರೂ ನಿಂತು ಗಾಳಿಗೆ ಅತ್ತ ಇತ್ತ ತೂಗುತ್ತಿದ್ದರು. ಕೆಂಪು ಸೀರೆ, ಹಳದಿ ಸೀರೆ, ಬಿಳಿ ಪಂಚೆ, ಬಿಚ್ಚಿದ ಜಡೆಗಳು. ತಾಯಿಯೊಬ್ಬಳ ತೋಳು ನಿದ್ದೆಯಲ್ಲೇ ಚಾಚಿಕೊಂಡು ಪಕ್ಕದ ಕೂಸಿನ ಕಾಲು ಹಿಡಿದಿತ್ತು. ಇಡೀ ಊರಿನ ಉಸಿರಾಟ ಗುಡ್ಡದ ಮೇಲಿನ ನನಗೆ ಕೇಳಿಸುತ್ತಿತ್ತು. ಒಂದೊಂದು ಮನೆಯ ಕೆಳಗೂ ಒಬ್ಬರು ಕತ್ತೆತ್ತಿ ನೋಡುತ್ತಾ ಕೂತಿದ್ದರು. ನನ್ನ ಕೈಗಳು ತಾವೇ ಎದೆಯ ಹತ್ತಿರ ಜೋಡಿಕೊಂಡವು. ನಿದ್ದೆಯನ್ನು ನಾನು ಅಮ್ಮ ಹೋದ ದಿನದಿಂದ ಬಾವಿ ಅಂತಲೇ ತಿಳಿದು ಹೆದರಿದವಳು, ಮೇಲಕ್ಕೂ ಹೋಗುವ ದಾರಿ ಅದು ಅಂತ ನನಗೆ ಯಾರು ಹೇಳಿದ್ದರು?

ಹಾಗೆ ನೋಡುತ್ತಾ ಮೈಮರೆತಿದ್ದಾಗ ನಮ್ಮ ತಲೆಯ ಮೇಲೆ ಒಂದು ನೆರಳು ಹಾದುಹೋಯಿತು. ಕತ್ತೆತ್ತಿದರೆ ಗಂಗಾಧರಯ್ಯನವರು! ಸೊಂಟದ ಪಟ್ಟಿ ಕಂಬದ ಬಳೆಯಲ್ಲಿಲ್ಲ. ಅದರ ತುದಿ ರೆಕ್ಸಿನ್ ಬ್ಯಾಗಿನ ಹಿಡಿಗೆ ಗಟ್ಟಿಯಾಗಿ ಗಂಟು ಹಾಕಿದೆ, ಬ್ಯಾಗು ಅವರ ಹಿಂದೆ ಕರುವಿನಂತೆ ಹೋಗುತ್ತಿದೆ. ಪರಸ್ಥಳದಲ್ಲಿ ಬ್ಯಾಗು ಕಳುವಾದೀತು ಅಂತ ಪುಣ್ಯಾತ್ಮ ಕಂಬದಿಂದ ಬಿಚ್ಚಿ ಬ್ಯಾಗಿಗೆ ಕಟ್ಟಿಕೊಂಡು ಮಲಗಿದ್ದರು. ಹೋಳಿಗೆ ತುಪ್ಪದ ನಿದ್ದೆ ಬೇರೆ. ನೋಡುನೋಡುತ್ತಿದ್ದ ಹಾಗೆ ತೆಂಗಿನ ಮರದ ಎತ್ತರ ದಾಟಿ, ಗುಡ್ಡದ ಕೆಳಗಿನ ಕಲ್ಲುಚಪ್ಪಡಿಯ ಚೌಕದ ಕಡೆ ತೇಲಿದರು.

"ಅಯ್ಯೋ ಶಿವನೇ" ಅಂದೆ, ಉಸಿರಿನಲ್ಲೇ. ಸಿರಿಗೌರಿಯ ಮುಖ ಬಿಳಿಚಿತ್ತು. ಆಗಲೇ ನನಗೆ ಇನ್ನೊಂದು ನೆನಪಾಗಿ ಅವಳ ತೋಳು ಹಿಡಿದೆ. "ಅಲಾರಾಂ ಇಟ್ಟಿದಾರೆ ಕಣಮ್ಮ! ಜೇಬಲ್ಲಿ ಫೋನಿದೆ. ವ್ಯಾನು ಹೊರಡೋ ಹೊತ್ತಿಗೆ ಸರಿಯಾಗಿ ಕೋಳಿ ಕೂಗುತ್ತೆ." ಅವಳು ಗೋಪುರದ ಗಡಿಯಾರ ನೋಡಿದಳು. ಹೆಚ್ಚು ಹೊತ್ತಿರಲಿಲ್ಲ.

ನಾನು ಚಪ್ಪಲಿ ಬಿಟ್ಟು ಅವಳ ಹಿಂದೆ ಮೆಟ್ಟಿಲು ಇಳಿದೆ. ಸಿರಿಗೌರಿ ಕೈ ಬೀಸಿದ್ದಷ್ಟೇ. ಮನೆಮನೆಯ ಕಾವಲಿನವರು ಹಾಸಿಗೆ, ಕೌದಿ, ಜಮಖಾನ ಹೊತ್ತು ಬರಿಗಾಲಲ್ಲಿ ಓಡಿಬಂದರು. ಕಚ್ಚಾಡುತ್ತಿದ್ದ ಹುಡುಗಿಯರಲ್ಲಿ ಚಿಕ್ಕವಳೂ ಬಂದಳು. ಗಂಗಾಧರಯ್ಯ ಅತ್ತ ತೇಲಿದರೆ ಕೌದಿಗಳೂ ಅತ್ತ, ಇತ್ತ ತೇಲಿದರೆ ಇತ್ತ. ಒಬ್ಬರ ಬಾಯಲ್ಲೂ ಮಾತಿಲ್ಲ. ಆದರೆ ಆ ಎತ್ತರದಿಂದ ಬಿದ್ದರೆ ಕೌದಿ ಏನು ಮಾಡೀತು? ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಿರಿಗೌರಿ ಮುಖವೆತ್ತಿ ಕಾಫಿ ಸೋಸಿಟ್ಟಿದೀನಿ ಅಂದಳು. ಎಲೆ ಹಾಕಿದೀನಿ ಅಂದಳು. ಏನೂ ಆಗಲಿಲ್ಲ. "ಆಗ ತೂಕಡಿಕೆ, ಈಗ ಗಾಢ ನಿದ್ದೆ. ಇವರದೇ ಮಾತು ಬೇಕು ತಾಯಿ. ನೀವೇ ಆಡಬೇಕು."

"ನನಗೇನು ಗೊತ್ತು ಅವರ ಮನೆ ಮಾತು? ಪಕ್ಕದ ಸೀಟು ಅಷ್ಟೇ ಕಣಮ್ಮ ನಾನು! ಹೆಂಡತಿ ಹೆಸರೂ ಗೊತ್ತಿಲ್ಲ."

"ಇಲ್ಲಿ ಅವರಿಗೆ ಇರೋರು ನೀವೊಬ್ಬರೇ" ಅಂದಳು.

ಗೊತ್ತಿದ್ದದ್ದು ಕೊಬ್ಬರಿ ಒಂದೇ. "ಕೊಬ್ಬರಿ ರೇಟು ಏರಿದೆಯಂತೆ ಗಂಗಾಧರಯ್ಯನೋರೇ" ಅಂದೆ. ಅವರ ಮುಖದ ಮೇಲೆ ನಗು ಹರಡಿತು, ಅವರೂ ಇನ್ನೊಂದು ಮಾರು ಏರಿದರು. ನನಗೆ ಅಳು ಬಂತು. ಈ ಒಬ್ಬ ಮನುಷ್ಯನನ್ನು ಇಳಿಸಲಾರದವಳು ನಾಳೆ ವೇಣಿಯನ್ನು ಎಲ್ಲಿಂದ ಇಳಿಸಿಯೇನು ಅನ್ನಿಸಿತು. ಆ ಮಂಚ, ಆ ಕೂಗು, ಅಮ್ಮನ ಮುಚ್ಚಿದ ಕಣ್ಣು ಎಲ್ಲ ಕಣ್ಣ ಮುಂದೆ ಬಂದು ನಿಂತವು.

ಆಗ ಹೊಳೆಯಿತು. ಬಸ್‌ಸ್ಟ್ಯಾಂಡ್ ಬೆಂಚಲ್ಲಿ ಮಲಗಿ ಮಲಗಿ ಅಭ್ಯಾಸ. ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ. ತಿಪಟೂರಿನವರು ಅರಸೀಕೆರೆಯ ಬೆಂಚಿನಲ್ಲದೆ ಇನ್ನೆಲ್ಲಿ ಮಲಗಿರುತ್ತಾರೆ? ನಾನು ಸೆರಗು ಬಿಗಿದು, ಕೆಮ್ಮಿ ಗಂಟಲು ಸರಿಮಾಡಿಕೊಂಡೆ. ಕೂಗಬಾರದು. ಆದರೆ ಮುಟ್ಟಬೇಕು. ಬೆಳಗಿನ ಮೊದಲ ಬಸ್ಸಿಗೆ ಬೆಂಚುಗಳ ತುಂಬ ಜನ ಮಲಗಿರುವಾಗ ಮೈಕಿಗೆ ತುಟಿ ತಾಗಿಸಿ ಮೆಲ್ಲಗೆ ಹೇಳುತ್ತಿದ್ದೆನಲ್ಲ, ಆ ದನಿ ತೆಗೆದೆ.

"ಪ್ರಯಾಣಿಕರ ಗಮನಕ್ಕೆ. ಕೊನೇಹಳ್ಳಿ, ತಿಪಟೂರು, ಕೆ.ಬಿ. ಕ್ರಾಸ್, ನಿಟ್ಟೂರು, ಗುಬ್ಬಿ ಮಾರ್ಗವಾಗಿ ತುಮಕೂರಿಗೆ ಹೋಗುವ ಬಸ್ಸು ಇನ್ನು ಸ್ವಲ್ಪ ಹೊತ್ತಿನಲ್ಲಿ ನಿಲ್ದಾಣಕ್ಕೆ ಬರಲಿದೆ."

ಆ ಸದ್ದಿಲ್ಲದ ಊರಿನಲ್ಲಿ ನನ್ನ ದನಿ ನೇರ ಮೇಲೆ ಹೋಯಿತು. ಗಂಗಾಧರಯ್ಯನವರ ಹುಬ್ಬು ಅಲ್ಲಾಡಿತು. ಅವರು ಕೈಯಾಡಿಸಿ ಬ್ಯಾಗು ತಡವಿದರು. ಮರದ ಎತ್ತರಕ್ಕೆ ಬಂದರು. ಸುತ್ತಲಿನವರ ಕಣ್ಣುಗಳೆಲ್ಲ ನನ್ನ ಮೇಲೆ. "ಕೊನೇಹಳ್ಳಿ, ತಿಪಟೂರು, ಕೆ.ಬಿ. ಕ್ರಾಸ್" ಅಂದೆ ಮತ್ತೆ. ಅವರ ಕಾಲು ಚಪ್ಪಲಿ ಹುಡುಕತೊಡಗಿತು, ಜರ್ರನೆ ಇಳಿಯತೊಡಗಿದರು. ಇಷ್ಟು ಬೇಗ ಬೇಡ! ಈಗಲೇ ಕಣ್ಣು ಬಿಟ್ಟರೆ ಕಥೆ ಮುಗಿಯಿತು. "ಕ್ಷಮಿಸಿ. ಬಸ್ಸು ಕೊಂಚ ತಡವಾಗಿ ಬರಲಿದೆ" ಅಂದೆ. ತಡ ಅಂದ ಕೂಡಲೇ ಅವರ ಮೈ ಸಡಿಲವಾಯಿತು, ನಿಟ್ಟುಸಿರು ಬಿಟ್ಟು ಅಲ್ಲೇ ಮಗ್ಗುಲು ಬದಲಾಯಿಸಿದರು. ಎಷ್ಟು ವರ್ಷ ನಾನು ಬಸ್ಸು ತಡ ಅಂತ ಹೇಳಿ ಬೈಸಿಕೊಂಡಿದ್ದೆ. ಆ ಮಾತಿನಿಂದ ಒಬ್ಬರಿಗಾದರೂ ಹಿತವಾದದ್ದು ಅವತ್ತೇ ನೋಡಿದ್ದು.

ಹಾಗೇ ಇಳಿಸಿದೆ. ಬಸ್ಸು ಬರುತ್ತಿದೆ ಅಂತ ಸ್ವಲ್ಪ, ತಡ ಅಂತ ಸ್ವಲ್ಪ. ಮಾಡಿನ ಎತ್ತರ, ಬಾಗಿಲಿನ ಎತ್ತರ. ಸಿರಿಗೌರಿ ಎಗರಿ ಬ್ಯಾಗು ಹಿಡಿದಳು. ಕೌದಿ ಹಿಡಿದವರು ಕೌದಿಯನ್ನು ಅವರ ಬೆನ್ನಿಗೆ ತಾಗಿಸಿದರು. ನಾನು ಅವರ ಕೈ ಹಿಡಿದುಕೊಂಡು, "ತಿಪಟೂರಿಗೆ ಹೋಗುವವರು ಹತ್ತಬಹುದು" ಅಂದೆ. ಅದೇ ಕ್ಷಣಕ್ಕೆ ಜೇಬಿನಲ್ಲಿ ಕೋಳಿ ಕೂಗಿತು.

ಎಂಥ ಕೋಳಿ ಅದು! ಸುತ್ತಲಿನ ಬೀದಿಗಳಲ್ಲಿ ಊರಿಗೆ ಊರೇ ಎಚ್ಚೆತ್ತು, ತಾರಸಿ ತಾರಸಿಯ ಹಾಸಿಗೆಗಳ ಮೇಲೆ ದೊಪ್ಪ ದೊಪ್ಪ ಬಿದ್ದ ಸದ್ದು, ಯಾರದು ಯಾರದು ಅನ್ನುವ ಗಲಾಟೆ. ಪಟ್ಟಿ ಗಿಡ್ಡವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಗಂಗಾಧರಯ್ಯನವರು ಕೌದಿಯ ಮೇಲೆ ಎದ್ದು ಕೂತು, ಸುತ್ತ ನೆರೆದವರನ್ನು ನೋಡಿ, "ಸೀಟಿದ್ಯಾ?" ಅಂದರು. ನಾನು ಆ ಚಪ್ಪಡಿಯ ಮೇಲೆ ಕುಸಿದು ಕೂತು, ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದ ಹಾಗೆ ಅವರ ಕೈ ಹಿಡಿದುಕೊಂಡೇ ಇದ್ದೆ. ನಡೆದದ್ದು ತಿಳಿದ ಮೇಲೆ ಅವರು ಮೊದಲು ಫೋನು ತೆಗೆದು ಆ ಕೋಳಿಯನ್ನು ಬಂದ್ ಮಾಡಿದರು. ಆಮೇಲೆ ಬ್ಯಾಗು ಬಿಚ್ಚಿ ಊರಿನವರಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದರು. ಖಾಲಿ ಬ್ಯಾಗನ್ನು ಅಲ್ಲೇ ಬಿಟ್ಟು ವ್ಯಾನು ಹತ್ತಿದರು.

ವಿಮಾನ ನಿಲ್ದಾಣದಲ್ಲಿ ಪಟ್ಟಿ ಬಿಚ್ಚಲು ಹೋದರೆ ಸಿರಿಗೌರಿ ನನ್ನ ಕೈ ತಡೆದಳು. "ಇಟ್ಕೊಳ್ಳಿ ತಾಯಿ. ತಂಗಿಗೆ ಬೇಕಾಗುತ್ತೆ." ಅಲ್ಲಿ ಯಾರೂ ಮೇಲೇಳುವುದಿಲ್ಲವಲ್ಲ ಅಂದೆ. "ನಿಮ್ಮ ಕಣ್ಣಿಗೆ ಕಾಣಲ್ಲ ಅಷ್ಟೇ" ಅಂದಳು.

ಮಾರನೆಯ ದಿನ ವೇಣಿಯನ್ನು ಒಳಗೆ ಕರೆದೊಯ್ಯುವ ಮುಂಚೆ ಅವಳ ತಣ್ಣನೆಯ ಬೆರಳು ನನ್ನ ಬೆರಳು ಬಿಡಲಿಲ್ಲ. "ಎಬ್ಬಿಸ್ತೀಯ ತಾನೇ?" ಅಂದಳು. "ಎಬ್ಬಿಸಲ್ಲ, ಇಳಿಸ್ತೀನಿ" ಅಂದೆ. ಮಂಕಾಗಿ ನೋಡಿದಳು, ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಆಪರೇಷನ್ ಚೆನ್ನಾಗಿ ಆಯಿತು ಅಂದರು. ಅದೇ ಮಾತು. ಹೊರಗೆ ತಂದು ಮಲಗಿಸಿದರು. ಎಚ್ಚರಾಗುವ ಹೊತ್ತು ದಾಟಿತು, ಅವಳು ಏಳಲಿಲ್ಲ. ನರ್ಸೊಬ್ಬಳು ಬಂದು ಕೆನ್ನೆ ತಟ್ಟಿ ನಾಗವೇಣೀ ನಾಗವೇಣೀ ಅಂತ ಜೋರಾಗಿ ಕೂಗಿದಳು. ಇನ್ನೊಬ್ಬಳು ಬಂದಳು, ಅವಳೂ ಕೂಗಿದಳು. ಡಾಕ್ಟರಿಗೆ ಹೇಳಿಕಳಿಸಿದರು. ವೇಣಿಯ ಮುಖ ಇನ್ನೂ ದೂರ ಹೋದ ಹಾಗೆ ಕಂಡಿತು ನನಗೆ. ಮತ್ತೆ ಅಮ್ಮನ ಮಂಚದ ಪಕ್ಕವೇ ನಿಂತ ಹಾಗಾಯಿತು. ಆದರೆ ಈ ಸಲ ಬಾಯಿ ತೆರೆದು ಕೂಗಲಿಲ್ಲ. ತುಟಿಯ ಮೇಲೆ ಬೆರಳಿಟ್ಟು ನರ್ಸುಗಳನ್ನು ಸುಮ್ಮನಾಗಿಸಿದೆ. ಅವರಿಗೆ ನನ್ನ ಭಾಷೆ ಬಾರದು, ಆದರೂ ಸುಮ್ಮನಾದರು. ಹಸಿರು ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಸುತ್ತಿ, ಇನ್ನೊಂದು ತುದಿಯನ್ನು ಮಂಚದ ಕಂಬಿಗೆ ಕಟ್ಟಿ, ಎಳೆದು ನೋಡಿದೆ. ಗಟ್ಟಿಯಿತ್ತು.

ಆಮೇಲೆ ಅವಳ ಪಕ್ಕ ದಿಂಬಿಗೆ ತಲೆಯಿಟ್ಟೆ, ಚಿಕ್ಕವರಿದ್ದಾಗ ಒಂದೇ ಹೊದಿಕೆಯಲ್ಲಿ ಮಲಗುತ್ತಿದ್ದ ಹಾಗೆ. ನಿದ್ದೆಗಣ್ಣಿನ, ಸೋಮಾರಿ ದನಿ ಮಾಡಿಕೊಂಡೆ.

"ವೇಣೀ, ನಲ್ಲಿ ಬಂತು ಕಣೇ. ಕೊಡ ಇಡು."

ಏನೂ ಇಲ್ಲ. ಮಶೀನು ಟಿಕ್ ಟಿಕ್ ಅನ್ನುತ್ತಿತ್ತು. ನಾನು ಅವಸರ ಮಾಡಲಿಲ್ಲ. "ಆ ಕಡೆ ಮನೆಯೋರು ಆಗಲೇ ಕೊಡ ಇಟ್ಟಾಯ್ತು. ನೀರು ಸಣ್ಣಗಾಗುತ್ತೆ ಆಮೇಲೆ. ಹೋಗೇ, ಕೊಡ ಇಡು."

ಅವಳ ಹುಬ್ಬು ಗಂಟಿಕ್ಕಿತು. ಆ ಗಂಟು ನನಗೆ ಚೆನ್ನಾಗಿ ಗೊತ್ತು. ಕಣ್ಣು ತೆರೆಯಲಿಲ್ಲ, ಒಣಗಿದ ತುಟಿ ಒಂದಕ್ಕೊಂದು ಅಂಟಿಕೊಂಡು ಬಿಟ್ಟುಕೊಂಡಿತು. ಎಲ್ಲೋ ಬಹಳ ಮೇಲಿನಿಂದ ಗೊಣಗುತ್ತಾ ಇಳಿದು ಬರುವವಳ ಹಾಗೆ ಅಂದಳು:

"ಇವತ್ತು ನಿನ್ನ ಸರದಿ."

"ಹೂಂ ಕಣೇ, ನಂದೇ" ಅಂದೆ. ಅವಳ ಕೈಯ ಗಂಟು ಬಿಚ್ಚಿದೆ.